ಕರಡಿಯ ಬೋನಿನ ಪರದೆ

ಅಕ್ಕಾ, ಇದನ್ನು ಅಪ್ಪನೆದುರು ಗಟ್ಟಿಯಾಗಿ ಓದಬೇಡ, ಮೊದಲು ನೀನೊಬ್ಬಳೇ ಓದಿಕೋ.

ರಾಜಧಾನಿಯಲ್ಲಿ ಇಳಿದವನೇ ಸಭಾಭವನಕ್ಕೆ ಹೋದೆ. ಅಪ್ಪ ಹೊಲಿದು, ಇಷ್ಟು ವರ್ಷ ಮನೆಗೆ ಬಂದವರಿಗೆಲ್ಲ ಬಣ್ಣಿಸಿದ ಆ ಕೆಂಪು ಮಖಮಲ್ಲಿನ ಪರದೆ ಅಲ್ಲಿಲ್ಲ. ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಪಟ್ಟಿ ಇಳಿಬಿಟ್ಟಿದ್ದಾರೆ.

ಇವತ್ತು ಪ್ರವಾಸದ ಬಸ್ಸಿನವರು ಊರಾಚೆಯ ಮೃಗಾಲಯ ತೋರಿಸಿದರು. ಅಲ್ಲೊಂದು ಮುದಿ ಕರಡಿಯ ಬೋನಿಗೆ ಮಾಸಿದ ಕೆಂಪು ಬಟ್ಟೆ ಕಟ್ಟಿದ್ದರು. ಯಾಕೋ ಅನುಮಾನ ಬಂದು ಅಂಚು ತಿರುಗಿಸಿ ನೋಡಿದೆ. ಮೂರು ಮಡಿಕೆ, ಮೇಲೆ ಕಾಣದಂಥ ಕೈಹೊಲಿಗೆ. ಮಿಷನ್ ಇದ್ದೂ ಅಂಚನ್ನು ಕೈಯಲ್ಲೇ ಹೊಲಿಯುವ ಹಟ ನಮ್ಮಪ್ಪನದಲ್ಲದೆ ಇನ್ಯಾರದು?

"ಸಭಾಭವನದೋರು ಬಿಸಾಕಿದ್ದು ಸಾರ್," ಅಂದ ಕಾವಲುಗಾರ. "ಚಳಿ ಚೆನ್ನಾಗಿ ತಡೆಯುತ್ತೆ. ಕರಡಿ ದಿನಾ ಹಿಡಿದು ಜಗ್ಗುತ್ತೆ, ಆದ್ರೂ ಹರಿದಿಲ್ಲ ನೋಡಿ."

ಮಧ್ಯಾಹ್ನ ಊಟ ಸೇರಲಿಲ್ಲ. ಧೂಳಿಗೆ ಕೆಮ್ಮೂ ಹಿಡಿದಿದೆ, ಗಾಬರಿಯಾಗಬೇಡ.

ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಹಾಸಿಗೆ ಹಿಡಿದಿದ್ದರೂ ಅಪ್ಪ ಕೇಳದೆ ಬಿಡುವವರಲ್ಲ. ಪರದೆ ಇದೆ, ಒಂದು ಹೊಲಿಗೆಯೂ ಬಿಟ್ಟಿಲ್ಲ ಅನ್ನು. ಎಲ್ಲಿ ಅಂದರೆ, ದಿನಾ ಜನ ಸಾಲುಗಟ್ಟಿ ಬಂದು ನೋಡುವ ಕಡೆ ಅನ್ನು.

ನಿನ್ನ ತಮ್ಮ