ಹನ್ನೆರಡನೇ ಕಟ್ಟು

ಮಾರ್ಚ್ ೯, ಭಾನುವಾರ

ಆ ಮನುಷ್ಯನ ಮುಖ ನೆನೆದರೆ ಈಗಲೂ ಮೈ ಉರಿಯುತ್ತದೆ. ನಮ್ಮ ಮೇಜಿನ ಎಣಿಕೆ ಅಧಿಕಾರಿ ಫೋನಿನಲ್ಲಿ ಹರಟುತ್ತ ಹನ್ನೆರಡನೇ ಕಟ್ಟಿನ ಮತಪತ್ರಗಳನ್ನು ಯಂತ್ರಕ್ಕೆ ಎರಡು ಸಲ ಹಾಕಿದ. ಇನ್ನೂರು ಮತ ಹೆಚ್ಚಾಗಿ, ಸೋಲಬೇಕಾದ ಅಭ್ಯರ್ಥಿಯೇ ಗೆದ್ದಳೆಂದು ಹೊರಗೆ ಜೈಕಾರವೂ ಎದ್ದಿತು. ಒಂದು ಗಂಟೆಯ ಬಳಿಕ ಲೆಕ್ಕ ತಾಳೆಯಾಗದಿದ್ದಾಗ, "ಮೆಷಿನ್ ಕೆಟ್ಟಿದೆ" ಅಂದುಬಿಟ್ಟ.

ಯಂತ್ರ ನೋಡಿಕೊಳ್ಳುವ ಮೆಕ್ಯಾನಿಕ್ ಹೆಂಗಸನ್ನು ಕರೆಸಿ, ಕೆಲಸದಿಂದ ತೆಗೆಸುತ್ತೇನೆಂದು ಎಲ್ಲರೆದುರು ಗದರಿದ. ಅವಳು ಯಂತ್ರದಿಂದ ದಾಖಲೆಯ ಚೀಟಿ ತೆಗೆದು ತೋರಿಸಿದಳು. ಅದೇ ಕಟ್ಟು, ಹದಿನೈದು ನಿಮಿಷದ ಅಂತರದಲ್ಲಿ ಎರಡು ಸಲ.

"ಹಾಗಾದ್ರೆ ಚೀಟೀನೂ ಕೆಟ್ಟಿರ್ಬೇಕು," ಅಂದ ಮಹಾನುಭಾವ.

ಯಂತ್ರದ್ದೇ ದೋಷವೆಂದು ಬರೆಸಿದ ಹಾಳೆಗೆ ಮೇಜಿನ ಮೂವರು ಸಹಿ ಹಾಕಿದರು. ನಾನು ಪೆನ್ನು ಕೆಳಗಿಟ್ಟೆ.

"ಏನಮ್ಮಾ, ಮೆಷಿನ್ ನಿಮ್ಮ ನೆಂಟರಾ?"

"ಅಲ್ಲ ಸರ್. ನೀವೂ ಅಲ್ಲ."

ಕಣ್ಣಾರೆ ಕಂಡದ್ದನ್ನು ಹಾಳೆಯ ಕೆಳಗೆ ಬರೆದು ಸಹಿ ಮಾಡಿದೆ. ಮರುಎಣಿಕೆಯಲ್ಲಿ ಗೆಲ್ಲಬೇಕಾದವನೇ ಗೆದ್ದ. ಮೆಕ್ಯಾನಿಕ್ ಹೆಂಗಸಿನ ಕೆಲಸ ಉಳಿಯಿತು.

ಹೊರಡುವಾಗ ಅವಳು ಬಾಗಿಲಲ್ಲಿ ಕಾಯುತ್ತಿದ್ದಳು. "ಉಪಕಾರ ಆಯ್ತು ಅಕ್ಕಾ. ಅವ್ರು ಎರಡ್ಸಲ ಹಾಕಿದ್ದು ನಿಮ್ಗೆ ಯಾವಾಗ ಗೊತ್ತಾಯ್ತು?"

"ಹಾಕುವಾಗ್ಲೇ," ಅಂದೆ.

ಅವಳು ನನ್ನನ್ನೇ ಒಂದು ಕ್ಷಣ ನೋಡಿ, ಚೀಲ ಹೆಗಲಿಗೇರಿಸಿಕೊಂಡು ಹೋದಳು.

ಅವನು ಬೈದಾನೆಂದು ಒಂದು ಗಂಟೆ ತುಟಿ ಬಿಚ್ಚದೆ ಕೂತಿದ್ದೆ. ಆಗಲೇ ಹೇಳಿದ್ದರೆ ಅವಳನ್ನು ಯಾರೂ ಕರೆಸುತ್ತಲೇ ಇರಲಿಲ್ಲ. ಅವನ ಮೇಲಿನ ಸಿಟ್ಟು ಬೆಳಗಾಗುವಷ್ಟರಲ್ಲಿ ಇಳಿದೀತು. ನನ್ನ ಮೇಲಿನದು...