ಕುಣಿಕೆಯಾದ ಸೀರೆ

ಗುಳೇದಗುಡ್ಡ
೭ ಆಗಸ್ಟ್ ೨೦೨೫, ಗುರುವಾರ

ನನ್ನ ಮಂದಾ,

ಅಕ್ಕನ ಆಶೀರ್ವಾದ ನಿನಗೂ ನಿನ್ನ ಮನೆಯವರಿಗೂ. ಫೋನು ಇರುವಾಗ ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನೀನು ನಡುವೆಯೇ ಅಳುತ್ತೀ, ನಿನ್ನ ಯಜಮಾನರು ಸ್ಪೀಕರ್ ಹಾಕಿಸಿ ಕೇಳುತ್ತಾರೆ, ನಾನು ಅರ್ಧ ಮಾತು ನುಂಗುತ್ತೇನೆ. ಈ ಸಲ ನುಂಗುವ ಹಾಗಿಲ್ಲ. ರವಿಕೆಯ ಖಣ ಮಾರಲು ಇಳಕಲ್ಲಿಗೆ ಹೊರಟ ನೆರೆಮನೆಯ ಹುಸೇನಪೀರನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಿನ್ನ ಮಗಳು ಸಂಪದಾಳಿಗೆ ಜ್ವರ, ಇಲ್ಲೇ ಇರಲಿ ಎಂದು ನಿನ್ನೆ ಹೇಳಿದ್ದೆನಲ್ಲ, ಅವಳು ಗಂಜಿ ಕುಡಿದು ಮಲಗಿದ್ದಾಳೆ.

ಮೊನ್ನೆಯ ಮೆರವಣಿಗೆಯ ಫೋಟೋ ನೀನೂ ನೋಡಿರುತ್ತೀ. ನನ್ನ ಮಗಳು ಪ್ರಾಚಿಯನ್ನು ಕೊಂದವನಿಗೆ ಗಲ್ಲಾಗಬೇಕೆಂದು ಬಾಗಲಕೋಟೆಯಲ್ಲಿ ಅಷ್ಟೊಂದು ಜನ ನಡೆದರು. ಎಲ್ಲರಿಗಿಂತ ಮುಂದೆ ನಿನ್ನ ಭಾವೀ ಅಳಿಯ ಕೇದಾರ, ಒಂದು ಕೈಯಲ್ಲಿ ಪ್ರಾಚಿಯ ಫೋಟೋ, ಇನ್ನೊಂದರಲ್ಲಿ ನೇಣಿನ ಕುಣಿಕೆ. ಅದು ಯಾವುದರದು ಗೊತ್ತೇನು? ಪ್ರಾಚಿ ಬಿ.ಎಡ್. ಪಾಸಾದಾಗ ನೀನು ತಂದುಕೊಟ್ಟ ಇಳಕಲ್ ಸೀರೆಯದು. ಹಿಂದಿನ ದಿನ ಕೇದಾರ ಬಂದು ನನ್ನ ಕಾಲಿಗೆ ಬಿದ್ದು, “ಮಾವಶಿ, ಹಗ್ಗಾ ಪ್ಯಾಟ್ಯಾಗೂ ಸಿಗ್ತದ. ಆದ್ರ ಆಕಿ ಉಟ್ಟಿದ್ದು ಏನರೆ ಕೊಡ್ರಿ, ನೋಡಿದವರ ಎದಿ ಒಡೀಬೇಕು. ಇನ್ನ ಮ್ಯಾಲೆ ಒಬ್ಬ ಗಂಡಸೂ ಕೈ ಎತ್ತಬಾರದು, ಅಂಥಾ ಅಂಜಿಕಿ ಹುಟ್ಟಸೋಣು” ಎಂದ. ಅವನ ಕಣ್ಣಲ್ಲಿ ನೀರು ಕಂಡು ಕೊಟ್ಟೆ. ಆ ಕೆಂಪು ಸೆರಗನ್ನು ಅವನೂ ಅವನ ಗೆಳೆಯರೂ ನನ್ನ ಪಡಸಾಲೆಯಲ್ಲೇ ಕೂತು ಹೊಸೆದರು.

ನಾನು ಟೆಂಪೋದಲ್ಲಿ ಕೂತು ಎಲ್ಲವನ್ನೂ ನೋಡಿದೆ. ಗಂಡಸರು ಒಬ್ಬರಾದ ಮೇಲೆ ಒಬ್ಬರು ಕುಣಿಕೆಯನ್ನು ಕೊರಳಿಗೆ ಹಾಕಿಕೊಂಡು, ನಾಲಿಗೆ ಚಾಚಿ ಸೆಲ್ಫಿ ತೆಗೆದುಕೊಂಡರು. ಒಬ್ಬ ಮಹಾಶಯ ಅದರಲ್ಲೇ ಬೆವರು ಒರೆಸಿಕೊಂಡ. ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗಿಯರು ಕಂಡಾಗ ಹಿಂದಿನ ಸಾಲಿನವರು ಸಿಳ್ಳು ಹಾಕಿದರು. ಹೇಸಿಕೆಯಾಗಿ ಸೆರಗಿನಿಂದ ಮುಖ ಮುಚ್ಚಿಕೊಂಡೆ. ಬಿಸಿಲಿಗೆ ಹಾಗಾಗಿದೆ ಎಂದುಕೊಂಡು ಯಾರೋ ಲಿಂಬೆ ಶರಬತ್ತು ತಂದುಕೊಟ್ಟರು.

ಕೊಂದವನ ಮೇಲೆ ನನಗೆ ಎಳ್ಳಷ್ಟೂ ಕರುಣೆಯಿಲ್ಲ. ಗಲ್ಲಾಗಲಿ, ಜೈಲಿನಲ್ಲೇ ಕೊಳೆಯಲಿ. ಆದರೆ ಅದನ್ನು ನೋಡಿ ಇನ್ನೊಬ್ಬ ಅಂಜುತ್ತಾನೆ ಎಂದು ನನ್ನ ಮುಂದೆ ಯಾರೂ ಹೇಳಬಾರದು. ಕೋರ್ಟಿನಲ್ಲಿ ಅವನ ಮೊಬೈಲಿನ ವಿಷಯ ಬಂದಾಗ ನಾನು ಅಲ್ಲೇ ಇದ್ದೆ. ಪ್ರಾಚಿಯನ್ನು ಕೊಲ್ಲುವ ಸ್ವಲ್ಪ ದಿನ ಮೊದಲು, ಬೇರೆ ಯಾವುದೋ ಊರಿನ ಹುಡುಗಿಯ ಕೊಲೆಯ ಸುದ್ದಿ ಹಾಕಿ, ‘ಇಂಥವರನ್ನು ನಡುಬೀದಿಯಲ್ಲಿ ಗಲ್ಲಿಗೇರಿಸಿ’ ಎಂದು ಅವನೇ ಸ್ಟೇಟಸ್ ಇಟ್ಟಿದ್ದ. ಗಲ್ಲು ಇದೆಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ‘ಇಂಥವರಿಗೆ’, ತನಗಲ್ಲ. ತಾನೋ, ಒಲ್ಲೆ ಅಂದ ಹುಡುಗಿಗೆ ಬುದ್ಧಿ ಕಲಿಸಲು ಹೊರಟ ಸಂಭಾವಿತ. ಈ ಊರುಗಳ ತುಂಬ ಅಂಥ ಸಂಭಾವಿತರೇ ಇದ್ದಾರೆ.

ಈಗ ಸ್ವಲ್ಪ ಕೂತುಕೊಂಡು ಓದು. ಮೆರವಣಿಗೆ ಮುಗಿಸಿ ಸಂಜೆ ಎಲ್ಲರೂ ನಮ್ಮ ಮನೆಗೆ ಚಹಾಕ್ಕೆ ಬಂದರು. ನಾನು ಅಡುಗೆಮನೆಯಲ್ಲಿದ್ದೆ. ಹಿತ್ತಲ ಬಾಗಿಲಲ್ಲಿ ಕೇದಾರ ಒಬ್ಬ ಹುಡುಗಿಯನ್ನು ಅಡ್ಡಗಟ್ಟಿ ನಿಂತಿದ್ದ. ಅವಳೂ ಮೆರವಣಿಗೆಗೆ ಬಂದವಳೇ, ಯಾರ ಮಗಳು ಎಂಬುದು ಈಗ ಬೇಡ. “ನಾ ಒಲ್ಲೆ, ಆಗಲೇ ಹೇಳೇನಲ್ಲ” ಎಂದಳು ಹುಡುಗಿ. ಅವನು ನಗುನಗುತ್ತ ಕುಣಿಕೆಯನ್ನು ಅವಳ ಕೊರಳಿಗೆ ಹಾಕಿ ಜಗ್ಗಿ, “ಒಲ್ಲೆ ಅಂದ್ರ ನಿನ್ನ ಫೋಟೋ ಹಿಡಕೊಂಡೂ ನಾನೇ ಮುಂದ ನಡೀಬೇಕಾಗ್ತದ, ನೋಡು” ಎಂದ. ನನ್ನ ಕೈಯಿಂದ ಚಹಾದ ಪಾತ್ರೆ ಬಿತ್ತು. ಅವನು ತಿರುಗಿ ನೋಡಿ, “ಚ್ಯಾಷ್ಟಿ ಮಾಡ್ಲಿಕ್ಕತ್ತಿದ್ದೆ, ಮಾವಶಿ” ಎಂದ. ಇಡೀ ದಿನ ಗಲ್ಲು, ಗಲ್ಲು ಎಂದು ಕೂಗಿ ಅವನ ಗಂಟಲು ಕಟ್ಟಿತ್ತು, ಮಂದಾ. ಆ ಕಟ್ಟಿದ ಗಂಟಲಲ್ಲೇ ಆ ಮಾತು ಹೇಳಿದ.

ಮುಂದಿನ ವಾರ ಸಂಪದಾಳ ನಿಶ್ಚಯ ಇಟ್ಟುಕೊಂಡಿದ್ದೀರಿ. ಹುಡುಗ ಅಪ್ಪಟ ಬಂಗಾರ, ನಮ್ಮ ಪ್ರಾಚಿಗಾಗಿ ಕಣ್ಣೀರು ಹಾಕಿದವ ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದೀ. ಆ ನಿಶ್ಚಯ ಮುರಿ. ಜನ ಏನಂದಾರು ಎಂದು ಕೇಳಬೇಡ, ಪ್ರಾಚಿ ಹೆಣವಾಗಿ ಮಲಗಿದ್ದಾಗಲೂ ಜನ ಏನೇನೋ ಅಂದರು. ನಾಳೆ ಬೆಳಗಿನ ಬಸ್ಸಿಗೆ ನೀನೊಬ್ಬಳೇ ಬಾ. ಕೇದಾರನಿಗೆ ಫೋನು ಮಾಡಬೇಡ.

ನಿನ್ನ ಅಕ್ಕ,
ಲೀಲಾ

ತಾ.ಕ.: ಸಂಪದಾಳಿಗೆ ಜ್ವರ ಬಂದಿಲ್ಲ. ಕೊರಳ ಮೇಲಿನ ಕೆಂಪು ಗೆರೆ ಮಾಸಲಿ ಎಂದು ಇಲ್ಲೇ ಇಟ್ಟುಕೊಂಡಿದ್ದೇನೆ. ಈ ಮದುವೆ ಒಲ್ಲೆ ಎಂದು ಅವಳು ನಿನಗೆ ಹೇಳಿದಾಗಲೆಲ್ಲ ನೀನು ಹಠ ಅಂದೆಯಂತೆ. ಅದಕ್ಕೇ ಯಾರದೋ ಮಗಳೆಂದು ಬರೆದೆ. ಹಾಗೆ ಓದುವಾಗ ಆ ಹುಡುಗಿಗಾಗಿ ನಿನಗೆ ಏನನ್ನಿಸಿತೋ, ಅದನ್ನು ದಾರಿಯಲ್ಲಿ ಎಲ್ಲೂ ಬಿಡದೆ ಇಲ್ಲಿಯ ತನಕ ತಾ.