ಒಂದೇ ಕಾಯಿಯ ಅವರೆ

ಜವಳಗಿರಿ
ಭಾನುವಾರ, 15 ಡಿಸೆಂಬರ್ 2024

ಪ್ರೀತಿಯ ತಮ್ಮ ನರೇಶನಿಗೆ,

ಹೇಗಿದ್ದೀಯಪ್ಪ? ಕೆಮ್ಮು ಬಿಟ್ಟಿತೇ? ನಾನು ಕಳಿಸಿದ ರಾಗಿ ಹುರಿಹಿಟ್ಟು ಕೈ ಸೇರಿತೇ, ಇಲ್ಲ ದಾರಿಯಲ್ಲೇ ನಿನ್ನ ಜೊತೆಯ ಸಿಪಾಯಿಗಳ ಹೊಟ್ಟೆ ಸೇರಿತೇ? ನೀನಿರುವ ಬೆಟ್ಟದ ಮೇಲೆ ಫೋನ್ ಸಿಗುವುದಿಲ್ಲ ಎಂದು ಎಲ್ಲರೂ ಬೇಸರಪಡುತ್ತಾರೆ. ನನಗೆ ಅಷ್ಟೇನೂ ಬೇಸರವಿಲ್ಲ. ಫೋನಿನಲ್ಲಾದರೆ ನೀನು 'ಹೂಂ', 'ಸರಿ' ಎರಡೇ ಮಾತು ಆಡಿ ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಕೊನೆವರೆಗೂ ಓದಲೇಬೇಕು.

ಇಲ್ಲಿ ಬೆಳಗ್ಗೆ ಎಂಟಾದರೂ ಮಂಜು ಕರಗುವುದಿಲ್ಲ. ಶಾಲೆಗೆ ಹೊರಡುವ ಮುಂಚೆ ಒಂದು ಸುತ್ತು ಹೊಲಕ್ಕೆ ಹೋಗಿಬರುತ್ತೇನೆ. ರಾಗಿ ಕೊಯ್ದಾಗಿದೆ. ಕೂಳೆಯ ನಡುವೆ ಅವರೆ ಮಾತ್ರ ಹೂ ಬಿಟ್ಟುಕೊಂಡು ನಿಂತಿದೆ. ಕಣ್ಣಿಗೆ ಕಾಣುವ ಮುಂಚೆಯೇ ಅದರ ಸೊಗಡು ಮೂಗಿಗೆ ಬರುತ್ತದೆ. ಬದುವಿನ ಮೇಲೆ ಕೂತರೆ ಮಂಜು ಯಾವುದು, ಹೂ ಯಾವುದು, ನಿದ್ದೆ ಯಾವುದು ಎಂದೇ ತಿಳಿಯುವುದಿಲ್ಲ. ಎರಡು ಸಲ ಶಾಲೆಗೆ ತಡವಾಯಿತು, ಹೆಡ್‌ಮಾಸ್ಟರಿಗೆ ಆನೆ ಅಡ್ಡ ಬಂತು ಎಂದೆ. ಈ ಊರಿನಲ್ಲಿ ಅದೊಂದು ಸೌಕರ್ಯ, ಯಾರೂ ಸಾಕ್ಷಿ ಕೇಳುವುದಿಲ್ಲ.

ಮೇ ತಿಂಗಳಲ್ಲಿ ನೀನು ರಜೆಗೆ ಬಂದಾಗ ಆದದ್ದು ನಿನಗೂ ನೆನಪಿದೆ. ನೀನು ಹೊಸೂರಿನಿಂದ ಜರಡಿ ತಂದು ಅಮ್ಮನ ಬಿತ್ತನೆ ಅವರೆಯನ್ನೆಲ್ಲ ಜರಡಿ ಹಿಡಿದೆ. ದಪ್ಪನೆಯದು ಒಂದು ಕಡೆ, ಸಣ್ಣದು ಒಂದು ಕಡೆ. 'ಸಣ್ಣದನ್ನ ಸಾರಿಗೆ ಹಾಕಮ್ಮ, ದಪ್ಪ ಬೀಜ ಬಿತ್ತಿದ್ರೆ ಪೈರು ಒಂದೇ ಸಮ ಬರ್ತದೆ' ಎಂದೆ. ಅಮ್ಮ ಮೊರ ಕಿತ್ತುಕೊಂಡು, 'ನಿನ್ ಪೆರೇಡು ನನ್ ಹೊಲ್ದಾಗೆ ಬ್ಯಾಡ ಕಣ್ಲಾ' ಎಂದಳು. ನೀನು ಮುಖ ಊದಿಸಿಕೊಂಡೆ. ಹೊರಡುವ ದಿನ ಅವಳ ಕಾಲಿಗೂ ಬೀಳಲಿಲ್ಲ. ಅಂದಿನಿಂದ ನೀವಿಬ್ಬರೂ ನನ್ನ ಮೂಲಕವೇ ಮಾತಾಡುತ್ತಿದ್ದೀರಿ, ನಾನೇನೋ ಅಂಚೆ ಡಬ್ಬಿ ಎಂಬಂತೆ.

ನೀನು ಹೋದ ಮೇಲೆ ನಡೆದದ್ದನ್ನು ಇದುವರೆಗೆ ಬರೆದಿರಲಿಲ್ಲ. ಶ್ರಾವಣದಲ್ಲಿ ಬಿತ್ತುವಾಗ ಅಮ್ಮ ನೀನು ಆರಿಸಿಟ್ಟ ದಪ್ಪ ಬೀಜವನ್ನು ಮೇಲಿನ ಹೊಲಕ್ಕೆ ಕೊಟ್ಟಳು. ಸಾರಿಗೆ ಹಾಕು ಎಂದ ಸಣ್ಣದನ್ನು ಹಟಕ್ಕೆ ಬಿದ್ದು ಕೆಳಗಿನ ಹೊಲಕ್ಕೆ ಹಾಕಿಸಿದಳು. ಬಿತ್ತಿದ ಸಂಜೆಯೇ ಜಡಿಮಳೆ. ಆಮೇಲೆ ಎಂಟು ದಿನ ಉರಿಬಿಸಿಲು. ಮಣ್ಣು ಹಪ್ಪಳದಂತೆ ಕಟ್ಟಿಕೊಂಡಿತು. ನಿನ್ನ ದಪ್ಪ ಬೀಜಗಳು ಆ ಹಪ್ಪಳವನ್ನೇ ತಲೆಯ ಮೇಲೆ ಎತ್ತಿಕೊಂಡು ಮೇಲೆ ಬಂದವು. ಹೊಟ್ಟೆಯೊಳಗೆ ಬುತ್ತಿ ಹೆಚ್ಚಿದ್ದವಕ್ಕೆ ಆ ಬಲ. ಕೆಳಗಿನ ಹೊಲದಲ್ಲಿ ಹತ್ತಕ್ಕೆ ಮೂರೂ ಹುಟ್ಟಲಿಲ್ಲ. ಅಮ್ಮ ಬದುವಿನ ಮೇಲೆ ಕೂತು ಮೇಲಿನ ಹೊಲವನ್ನೇ ಬಹಳ ಹೊತ್ತು ನೋಡಿದಳು. 'ನನ್ ಮಗ ಗೆದ್ಬುಟ್ಟ' ಎಂದಳು. ಸೋತ ಮುಖವಲ್ಲ ಅದು, ಹಬ್ಬದ ಮುಖ. ನಿನಗೆ ಬರೆಯಲೇ ಎಂದರೆ 'ಇರು, ಇನ್ನಾ ಮೊಳಕೆ' ಎಂದಳು.

ಅವಳ ಮಾತಿನ ಫಲವೋ ಏನೋ, ಮೂರನೇ ದಿನ ಕಾಡಿನಂಚಿನಿಂದ ನವಿಲುಗಳು ಬಂದವು. ಎಷ್ಟು ಚೆಂದ ಬಂದವು ಅಂತೀಯ, ಮದುವೆ ದಿಬ್ಬಣದ ಹಾಗೆ. ನಾನೂ ಪಕ್ಕದ ಹೊಲದ ಆವುಲಪ್ಪಮಾಮನೂ ತಗಡು ಬಡಿದು ಓಡಿಸುವಷ್ಟರಲ್ಲಿ ಮೇಲಿನ ಹೊಲದ ಅರ್ಧಕ್ಕರ್ಧ ಸಾಲು ಖಾಲಿ. ಕೊಬ್ಬಿದ ಬೇಳೆ ಹೊತ್ತು ನಿಂತ ಮೊಳಕೆಗಳನ್ನೇ ಹುಡುಕಿ ಹುಡುಕಿ ಕಿತ್ತಿದ್ದವು. ಕೆಳಗಿನ ಹೊಲದ ಬಡಕಲು ಮೊಳಕೆಗಳು ಹುಲ್ಲಿನೊಳಗೆ ಹುಲ್ಲಿನಂತಿದ್ದವು. ಅತ್ತ ಒಂದೂ ತಲೆ ಹಾಕಲಿಲ್ಲ. ಮುಂದಿನ ವಾರ ತುಂತುರು ಹಿಡಿದು ಮಣ್ಣು ಮೆತ್ತಗಾದಾಗ ಒಳಗೇ ಕಾದಿದ್ದ ಇನ್ನಷ್ಟು ಸಣ್ಣ ಬೀಜಗಳೂ ಮೇಲೆದ್ದವು. ಮೇಲಿನ ಹೊಲದ ಖಾಲಿ ಜಾಗಕ್ಕೆ ಅಮ್ಮ ಉಳಿದ ದಪ್ಪ, ಸಣ್ಣ ಬೀಜವನ್ನೆಲ್ಲ ಬೆರೆಸಿ ಊರಿಸಿದಳು. ಈಗ ಬಂದು ನೋಡಿದರೆ ಯಾವ ಗಿಡ ನಿನ್ನದು, ಯಾವುದು ಅವಳದು ಎಂದು ಹೇಳಲು ನಿನಗೂ ಆಗದು. ಎಲ್ಲದರಲ್ಲೂ ಹೂ, ಅಲ್ಲಲ್ಲಿ ಕಾಯಿ, ಎಲ್ಲದರಲ್ಲೂ ಜೇನುಹುಳ.

ಒಂದು ದಿನ ಹೊಲದಲ್ಲಿ ಕೂತು ಅವಳನ್ನೇ ಕೇಳಿದೆ, ಯಾಕಮ್ಮ ಪ್ರತಿ ವರ್ಷ ದಪ್ಪ ಸಣ್ಣ ಬೆರೆಸಿಯೇ ಬಿತ್ತುತ್ತೀ ಎಂದು. ಅವಳು ಒಂದು ಎಳೆ ಕಾಯಿ ಸೀಳಿ ತೋರಿಸಿದಳು. ನಡುವೆ ಕಾಳು ದಪ್ಪ, ಎರಡು ತುದಿಗೆ ಸಣ್ಣ. 'ಒಂದೇ ತಾಯಿ ಹೆತ್ತಿದ್ದು ನೋಡು. ಬರೋ ವರ್ಸ ಎಂಗಿರ್ತದೋ ಗಿಡಕ್ಕೇನು ಗೊತ್ತು? ಅದ್ಕೇ ಎಲ್ಲಾ ತರದ್ದೂ ಇಕ್ತದೆ' ಎಂದಳು. ನಾನು ಹದಿನೈದು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ, ಇಷ್ಟು ಚುಟುಕಾಗಿ ಹೇಳಲು ಬಂದಿಲ್ಲ.

ಆಮೇಲೆ ಶಾಲೆಯ ಮಕ್ಕಳನ್ನು ಕಾಡಿನಂಚಿಗೆ ಕರೆದುಕೊಂಡು ಹೋಗಿದ್ದೆ. ಆನೆ ಲದ್ದಿಯ ಗುಡ್ಡೆಯಲ್ಲಿ ಹುಣಿಸೆ ಮೊಳೆತಿತ್ತು. ಅಷ್ಟು ದಪ್ಪ ಬೀಜ ನಡೆಯಲಾರದು, ಆನೆಯ ಹೊಟ್ಟೆಯಲ್ಲಿ ಕೂತೇ ಊರು ದಾಟಬೇಕು. ಪಕ್ಕದ ಎಕ್ಕದ ಕಾಯಿ ಬಿರಿದು, ಚಪ್ಪಟೆ ಬೀಜಗಳು ರೇಷ್ಮೆಯ ಕೂದಲು ಹಿಡಿದು ಗಾಳಿಗೆ ಹೊರಟವು. ಮಕ್ಕಳು ಬಾಯಿ ತೆರೆದು ನೋಡುತ್ತಾ ನಿಂತರು. ನಾನೂ ನಿಂತೆ. ಒಂದು ಬೀಜ ಉತ್ತರಕ್ಕೆ ಹೋಯಿತು, ನಿನ್ನ ಕಡೆಗೆ. ತಲುಪಿದರೆ ತಿಳಿಸು.

ಅಮ್ಮನಿಗೆ ನೀನು ಸರಿ ಎಂದೂ ಅನಿಸಿದೆ, ತಾನು ಸರಿ ಎಂದೂ ಅನಿಸಿದೆ. ಇಬ್ಬರೂ ಸರಿಯಿದ್ದ ಮೇಲೆ ಯಾರು ಮೊದಲು ಮಾತಾಡಬೇಕು ಎಂದು ಮಾತ್ರ ಅವಳಿಗೆ ತಿಳಿಯುತ್ತಿಲ್ಲ. ಚಳಿಯಲ್ಲಿ ಕಿವಿ ಮುಚ್ಚಿಕೊಂಡಿರು. ಊರ ದೇವರು ನಿನ್ನ ಬೆನ್ನಿಗಿರಲಿ, ನೂರು ಕಾಲ ಬಾಳು.

ನಿನ್ನ ಅಕ್ಕ,
ಮುನಿಲಕ್ಷ್ಮಿ

ಇನ್ನೊಂದು ಮಾತು. ಬರೆಯಬೇಡ ಎಂದು ಅಮ್ಮ ಆಣೆ ಹಾಕಿಸಿದ್ದಾಳೆ, ಆದರೂ ಬರೆಯುತ್ತಿದ್ದೇನೆ. ಮೊನ್ನೆ ಹಸಿ ಅವರೆ ಬಿಡಿಸುತ್ತಾ ಕೂತಿದ್ದಳು. ಕಾಳು ಬೆರಳಿನಿಂದ ಜಾರಿ ನೆಲಕ್ಕೆ ಬೀಳುತ್ತಿತ್ತು. ಅವಳು ಬರಿಗೈಯನ್ನೇ ಬಟ್ಟಲಿಗೆ ಒಯ್ದು ಬಿಡುತ್ತಿದ್ದಳು. ಬೆರಳ ತುದಿಗಳು ಮರಗಟ್ಟಿವೆ. ಸಕ್ಕರೆ ಕಾಯಿಲೆ ನರಕ್ಕೆ ಇಳಿದಿದೆ, ಸ್ಪರ್ಶ ಪೂರ್ತಿ ಮರಳುವುದು ಕಷ್ಟ ಎಂದರು ಹೊಸೂರಿನ ಡಾಕ್ಟರು. ಕಣ್ಣು ಮೊದಲೇ ಮಂಜು. ಜನವರಿ ಕೊನೆಗೆ ಬಿತ್ತನೆಯ ಕಾಯಿ ಒಣಗುತ್ತದೆ. ಹೇಗಾದರೂ ರಜೆ ಹಾಕಿ ಬಾ. ಬೀಜ ಆರಿಸುವಾಗ ಅವಳ ಪಕ್ಕ ಕೂತುಕೋ. ಕೈಯಲ್ಲಿರುವುದು ದಪ್ಪದೋ ಸಣ್ಣದೋ ಎಂದು ಅವಳು ಕೇಳುತ್ತಾಳೆ. ನೀನೇ ಹೇಳಬೇಕು.